ಅಡಿಗೆಮನೆ ಬಾಗಿಲ ಅಂಕಿ

ಆ ಮನೆಯಲ್ಲಿ ಬೆಳಗಿನ ಚಹಾ ಒಲೆಯಿಂದ ಇಳಿಯುವ ಮೊದಲೇ ಅಡಿಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬೀಳುತ್ತಿತ್ತು. ಬರೆಯುವವರು ಮಾವ. ಅಂಕಿ ಸಾವಿರದ ಇನ್ನೂರ ಮೂವತ್ತು ದಾಟಿದ್ದರೆ ಮನೆಗೆಲ್ಲ ಸುಗ್ಗಿ: ಮಿಕ್ಸಿ, ನೀರಿನ ಪಂಪು, ಇಸ್ತ್ರಿಪೆಟ್ಟಿಗೆ, ಯಾವುದನ್ನು ಬೇಕಾದರೂ ಹಾಕಬಹುದು. ಸಾವಿರದ ಇನ್ನೂರರ ಆಸುಪಾಸಿನಲ್ಲಿದ್ದರೆ ಮಿಕ್ಸಿಗೆ ಅಪ್ಪಣೆ, ಇಸ್ತ್ರಿಗೆ ಇಲ್ಲ. ಅದಕ್ಕೂ ಕೆಳಗಿಳಿದರೆ ದೀಪ, ಫ್ಯಾನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ಉಪವಾಸ.

ಕರೆಂಟು ಕಂಬಗಳು ಹಳೆಯ ಇಟ್ಟಿಗೆ ಗೂಡಿನ ತಿರುವಿನಲ್ಲೇ ನಿಂತುಬಿಟ್ಟಿದ್ದವು. ಮನೆ ಅಲ್ಲಿಂದ ಹನ್ನೊಂದು ಕಂಬದಷ್ಟು ಆಚೆ. ಆ ಹನ್ನೊಂದರ ಖರ್ಚು ನಿಮ್ಮದೇ ಎಂದು ಕಚೇರಿಯವರು ಕೈತೊಳೆದುಕೊಂಡಿದ್ದರು. ಹಾಗಾಗಿ ಮಾಡಿನ ಮೇಲೆ ಆರು ಸೋಲಾರ್ ಪ್ಯಾನೆಲ್ಲು, ಹಿತ್ತಲ ಶೆಡ್ಡಿನಲ್ಲಿ ಮಂಡಿಯೆತ್ತರದ ಎರಡು ಲೆಡ್ ಬ್ಯಾಟರಿ. ಮಾವ ನಲವತ್ತು ವರ್ಷ ಬ್ಯಾಟರಿ ಅಂಗಡಿಯಲ್ಲಿ ದುಡಿದವರು. ಅಲ್ಲಿನ ಹುಡುಗರು ಇಟ್ಟಿದ್ದ 'ಆ್ಯಸಿಡ್ ಮೇಷ್ಟ್ರು' ಎಂಬ ಹೆಸರು ನಿವೃತ್ತಿಯಾದ ಮೇಲೂ ಬೆನ್ನು ಬಿಟ್ಟಿರಲಿಲ್ಲ. ಆ್ಯಸಿಡ್ಡು ಸಿಡಿದು ಬೆಂಕಿಕಡ್ಡಿ ತಲೆಯಷ್ಟು ತೂತು ಬೀಳದ ಅಂಗಿ ಅವರಲ್ಲಿ ಒಂದೂ ಇರಲಿಲ್ಲ. ದಿನಾ ಬೆಳಗ್ಗೆ ರಬ್ಬರು ಬುರುಡೆಯ ಗಾಜಿನ ಕೊಳವೆಯನ್ನು ಬ್ಯಾಟರಿಯ ಬಾಯಿಗಿಟ್ಟು, ಆ್ಯಸಿಡ್ಡು ಹೀರಿ, ಚಾರ್ಜು ಹೆಚ್ಚಿದ್ದಷ್ಟೂ ಮೇಲೇಳುವ ಒಳಗಿನ ತೇಲುಕಡ್ಡಿ ಎಷ್ಟು ಎದ್ದಿದೆ ಎಂದು ನೋಡಿ ಬಂದು ಅಂಕಿ ಬರೆಯುವರು. ಅಲ್ಲಿಗೆ ಆ ದಿನದ ಕಾನೂನು ಜಾರಿಯಾದಂತೆ.

ಈ ಕಾನೂನಿನ ಕೆಳಗೆ ಹೆಚ್ಚು ನಲುಗಿದವಳು ಸೊಸೆ. ಅವಳು ಆಸ್ಪತ್ರೆಯ ನರ್ಸುಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಹೊಲಿದರಷ್ಟೇ ಸಾಲದು, ಇಸ್ತ್ರಿ ಮಾಡಿ ಮಡಿಸಿ ಕೊಡಬೇಕೆಂದು ಆಸ್ಪತ್ರೆಯವರ ಕರಾರು. ಹೋದ ವರ್ಷ ಆ ಆರ್ಡರು ಸಿಕ್ಕ ಖುಷಿಗೆ ಒಂದು ಇಸ್ತ್ರಿಪೆಟ್ಟಿಗೆ ತಂದಳು. ಮೂರು ವಾರ ಹಾಕಿದಳೋ ಇಲ್ಲವೋ, ಬ್ಯಾಟರಿ ಮುಗ್ಗರಿಸತೊಡಗಿತು. ಮಾವ ಶೆಡ್ಡಿನಿಂದ ಬಂದು ಕೈ ಒರೆಸಿಕೊಳ್ಳುತ್ತ, "ಇಸ್ತ್ರಿ ಬ್ಯಾಟರಿ ಬೆನ್ನು ಮುರೀತು" ಎಂದರು. ಮೇಷ್ಟ್ರೇ ಹೇಳಿದ ಮೇಲೆ ಇನ್ನೇನು? ಗೂಬೆ ಸೊಸೆಯ ತಲೆಯ ಮೇಲೆ ಕೂತಿತು, ಮತ್ತೆ ಏಳಲಿಲ್ಲ. ಅಂದಿನಿಂದ ಅವಳು ಬಟ್ಟೆಯ ಗಂಟು ಹೊತ್ತು ಬಸ್ಸಿನಲ್ಲಿ ಪೇಟೆಯ ಇಸ್ತ್ರಿ ಅಂಗಡಿಗೆ ಹೋಗಿ ಬರುತ್ತಿದ್ದಳು. ಹೊಲಿಗೆಯಲ್ಲಿ ಬಂದದ್ದರಲ್ಲಿ ಕಾಲುಭಾಗ ಅಲ್ಲೇ ಕರಗುತ್ತಿತ್ತು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ದೀಪ ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಯಿತು. ಆ ತಿಂಗಳಲ್ಲಿ ಅದು ಐದನೆಯ ಸಲ.

"ಬೆಳಗ್ಗೆ ಅಂಕಿ ಎಷ್ಟಿತ್ತು?" ಎಂದು ಕೇಳಿದ ಗಂಡ. ಅವನು ಊರಿನ ನೀರೆತ್ತುವ ಪಂಪ್‌ಹೌಸಿನಲ್ಲಿ ಆಪರೇಟರು; ಅಂಕಿ ಇಲ್ಲದೆ ಮಾತು ಶುರುಮಾಡುವವನಲ್ಲ.

"ಸಾವಿರದ ಇನ್ನೂರ ಹತ್ತು" ಎಂದರು ಮಾವ ಕತ್ತಲಿನಿಂದ.

"ಇನ್ನೂರ ಹತ್ತು ಇದ್ದದ್ದು ಎಂಟು ಗಂಟೆಗೇ ಹೋಗುತ್ತಾ?"

"ಹೋಗದೆ ಏನು ಮಾಡುತ್ತೆ? ಹಗಲು ಹೊತ್ತಲ್ಲಿ ಯಾರು ಏನೇನು ಹಾಕ್ತಾರೋ ನಾನು ಕಾವಲು ಕೂರೋಕಾಗುತ್ತಾ" ಎಂದರು ಅತ್ತೆ. ಅತ್ತೆ ಯಾರ ಹೆಸರನ್ನೂ ಎತ್ತಿ ಬೈದವರಲ್ಲ. ಆದರೆ ಅವರು ಎಸೆದ ಕಲ್ಲು ಒಮ್ಮೆಯೂ ಗುರಿ ತಪ್ಪಿದ್ದಿಲ್ಲ.

"ಇಸ್ತ್ರಿ ಮುಟ್ಟಿ ವರ್ಷ ಆಯ್ತು ಅತ್ತೆ."

"ನಾನು ಇಸ್ತ್ರಿ ಅಂದ್ನಾ?"

"ಅಜ್ಜಿ, ನೀನು ಅನ್ನಲಿಲ್ಲ, ಆದ್ರೆ ಅಂದೆ" ಎಂದಳು ಮಗಳು. ಹದಿಮೂರಕ್ಕೇ ಈ ಬಾಯಿ ಇದ್ದುದರಿಂದ ಅವಳನ್ನು ಮನೆಯವರು ವಕೀಲಮ್ಮ ಎಂದು ಕರೆಯುತ್ತಿದ್ದರು.

ಗಂಡ ಮೇಣದಬತ್ತಿ ಹಚ್ಚಿದ. "ಜಗಳ ಆಮೇಲಾಡಿ. ಬ್ಯಾಟರಿ ಮುಗೀತು, ಹೊಸದು ತರಲೇಬೇಕು. ಲೆಡ್ಡೋ ಲಿಥಿಯಮ್ಮೋ, ಅದು ಮಾತ್ರ ತೀರ್ಮಾನ ಆಗ್ಬೇಕು."

ತೀರ್ಮಾನಕ್ಕೆ ಮೂರು ವಾರ ಹಿಡಿಯಿತು. ಮದುವೆಗೆ ಹುಡುಗಿ ನೋಡುವಾಗಲೂ ಈ ಮನೆಯಲ್ಲಿ ಇಷ್ಟು ಚರ್ಚೆ ಆಗಿರಲಿಲ್ಲ. ವಕೀಲಮ್ಮ ಲಿಥಿಯಂ ಕಡೆ ವಾದಿಸಿದಳು: "ಲೆಡ್‌ನಲ್ಲಿ ತುಂಬಿದ್ದರ ಅರ್ಧ ಮಾತ್ರ ತೆಗೀಬಹುದು ತಾತ. ಇನ್ನರ್ಧ ಮುಟ್ಟಿದ್ರೆ ಆಯಸ್ಸು ಕಡಿಮೆ ಆಗುತ್ತೆ. ಲಿಥಿಯಮ್ಮಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತೆಗೀಬಹುದು. ನೀರು ಹಾಕೋ ಹಾಗಿಲ್ಲ, ಆ್ಯಸಿಡ್ ವಾಸನೆ ಇಲ್ಲ."

"ಬೆಲೆ ಎರಡು ಪಟ್ಟು. ಅದನ್ನ ಹೇಳಲಿಲ್ಲ ನೀನು" ಎಂದರು ಮಾವ.

"ಬಾಳಿಕೆನೂ ಎರಡು ಪಟ್ಟು."

"ಬಾಳಿದ ಮೇಲೆ ಹೇಳು. ಲೆಡ್ ಬ್ಯಾಟರಿ ಮಾತಾಡುತ್ತೆ ಮಗು. ಹಸಿವಾದ್ರೆ ಹೇಳುತ್ತೆ, ಬಾಯಾರಿದ್ರೆ ಹೇಳುತ್ತೆ. ಆ ಲಿಥಿಯಂ ಮುಚ್ಚಿದ ಡಬ್ಬ. ಒಂದಿನ ಹೇಳದೆ ಕೇಳದೆ ಸತ್ತು ಕೂತ್ರೆ?"

ಸೊಸೆ ಬಾಯಿ ಹಾಕಲಿಲ್ಲ. ಅವಳಿಗೆ ಬೇಕಾದದ್ದು ಲಿಥಿಯಮ್ಮೇ. ಆದರೆ ತಾನು ಬಾಯಿ ತೆರೆದರೆ 'ಇಸ್ತ್ರಿಗೋಸ್ಕರ' ಎಂಬ ಮಾತು ಬಂದೇ ಬರುತ್ತದೆಂದು ಗೊತ್ತಿತ್ತು. ಕೊನೆಗೆ ಗಂಡ ಅವಳ ಕಡೆ ತಿರುಗಿ, "ನನಗೆ ಈ ವಾರ ರಜ ಇಲ್ಲ. ನೀನೂ ಅಪ್ಪನೂ ಹೋಗಿ ನೋಡ್ಕೊಂಡು ಬನ್ನಿ. ಅಪ್ಪನಿಗೆ ಗೊತ್ತಿರೋ ಮಾಲು, ಅವರು ಹೇಳಿದ್ದೇ ಆಗ್ಲಿ" ಎಂದು ಕೈ ಚೆಲ್ಲಿದ.

ಪೇಟೆಯ ಬ್ಯಾಟರಿ ಅಂಗಡಿಯನ್ನು ನಡೆಸುತ್ತಿದ್ದವಳು ಒಬ್ಬ ಗಟ್ಟಿ ಹೆಂಗಸು. ಕಡಲೆಕಾಯಿ ಸುಲಿಯುತ್ತಲೇ ಎರಡೂ ಬಗೆಯನ್ನು ತೋರಿಸಿದಳು: ಕೆಂಪು ಮುಚ್ಚಳಗಳ ಎತ್ತರದ ಲೆಡ್ ಬ್ಯಾಟರಿ, ಪಕ್ಕದಲ್ಲಿ ಬಿಳಿ ತಗಡಿನ ಲಿಥಿಯಂ ಪೆಟ್ಟಿಗೆ. ಮಾವ ಲಿಥಿಯಮ್ಮಿನ ಕಡೆ ತಿರುಗಿಯೂ ನೋಡಲಿಲ್ಲ. ಲೆಡ್ ಬ್ಯಾಟರಿಯ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮೂಸಿ, ಎತ್ತಲು ನೋಡಿ, "ತೂಕ ಇದೆ. ಸೀಸದಲ್ಲಿ ಮೋಸ ಮಾಡಿಲ್ಲ" ಎಂದರು.

"ತಯಾರಾದ ತಿಂಗಳು ನೋಡ್ಕೊಳ್ಳಿ ಯಜಮಾನ್ರೇ. ಬೇರೆಯವರ ಹಾಗೆ ಮುಚ್ಚಿಟ್ಟು ಮಾರೋಳಲ್ಲ ನಾನು" ಎಂದಳು ಅಂಗಡಿಯವಳು.

ಮಾವ ಬಗ್ಗಿ, ಲೇಬಲ್ಲಿನ ಮೇಲೆ ಬೆರಳಾಡಿಸಿದರು. "ಹೋದ ತಿಂಗಳದ್ದು. ಪರವಾಗಿಲ್ಲ."

ಸೊಸೆಯೂ ಬಗ್ಗಿ ನೋಡಿದಳು. ಮಾವನ ಬೆರಳು ನಿಂತಿದ್ದು ಗ್ಯಾರಂಟಿಯ ಸಾಲಿನ ಮೇಲೆ. ತಯಾರಾದ ತಿಂಗಳು ಅದಕ್ಕೂ ಮೇಲಿತ್ತು. ಹೆಬ್ಬೆರಳಷ್ಟು ದಪ್ಪ ಅಕ್ಷರದಲ್ಲಿ ಹದಿನಾಲ್ಕು ತಿಂಗಳ ಹಿಂದಿನ ತಾರೀಕು. ಮೂರು ತಿಂಗಳು ದಾಟಿದ ಲೆಡ್ ಬ್ಯಾಟರಿಯನ್ನು ಪುಕ್ಕಟೆ ಕೊಟ್ಟರೂ ತರಬಾರದು ಎಂದು ಮನೆಯ ಬೆಕ್ಕಿಗೂ ಬಾಯಿಪಾಠ ಮಾಡಿಸಿದ್ದವರು ಈ ಮಾವನೇ.

"ಮಾವ, ಇನ್ನೊಂದ್ಸಲ ನೋಡಿ."

"ನೋಡಿದ್ನಲ್ಲಮ್ಮ."

"ಅದು ಗಾಜಿನ ಮುಂದೆ ಇಡೋ ಮಾಲು, ಹಳೇದು. ಕೊಡೋದು ಒಳಗಿಂದ ಹೊಸದು" ಎಂದು ಅಂಗಡಿಯವಳೇ ಬಾಯಿಬಿಟ್ಟಳು. ಮಾವ ನೆಟ್ಟಗೆ ನಿಂತರು. ಸೊಸೆ ಅವರ ಮುಖ ನೋಡಲಾರದೆ, "ಮನೇಲಿ ಕೇಳ್ಕೊಂಡು ಬರ್ತೀವಿ" ಎಂದು ಹೊರಟಳು.

ಬಸ್ಸಿಳಿದು ಇಬ್ಬರೂ ಇಟ್ಟಿಗೆ ಗೂಡಿನ ತಿರುವಿನವರೆಗೆ ನಡೆದರು. ಸೊಸೆಯ ತಲೆಯಲ್ಲಿ ಒಂದೊಂದೇ ಸಂಗತಿ ಸಾಲಾಗಿ ಬಂದು ನಿಂತಿತು. ಮಾವ ಪೇಪರನ್ನು ಮೊಮ್ಮಗಳ ಕೈಲಿ ಓದಿಸುತ್ತಿದ್ದದ್ದು, "ಉಚ್ಚಾರ ಸರಿಹೋಗ್ಲಿ" ಎಂದು. ತಟ್ಟೆಯಲ್ಲಿ ಏನಿದೆ ಎಂದು ಮುಟ್ಟಿ ನೋಡಿ ತಿನ್ನುತ್ತಿದ್ದದ್ದು.

"ಎಷ್ಟು ದಿನದಿಂದ ಮಾವ?"

ಅವರು ಕೊನೆಯ ಕಂಬಕ್ಕೆ ಕೈಕೊಟ್ಟು ನಿಂತರು. "ಎರಡು ವರ್ಷ ಆಗಿರ್ಬೇಕು. ಎಡಗಣ್ಣಲ್ಲಿ ಬೆಳಕಿದೆ, ಬಲಗಣ್ಣಲ್ಲಿ ಬರೀ ಹಾಲು."

"ಹಾಗಾದ್ರೆ ದಿನಾ ಬರೆಯೋ ಅಂಕಿ?"

"ಬಿಸಿಲು ಎಷ್ಟಿತ್ತು, ಫ್ಯಾನು ಎಷ್ಟು ಹೊತ್ತು ಓಡ್ತು, ಎಲ್ಲ ಲೆಕ್ಕ ಹಾಕಿ... ಅಂದಾಜು. ನಲವತ್ತು ವರ್ಷದ ಅಂದಾಜು ಕಣಮ್ಮ, ಸುಮ್ನೆ ಅಲ್ಲ."

"ನನ್ನ ಇಸ್ತ್ರಿ ಬೆನ್ನು ಮುರೀತು ಅಂದದ್ದು? ಅದೂ ಅಂದಾಜೇ?"

ಮಾವ ಕಂಬದಿಂದ ಕೈ ತೆಗೆದರು. "ಆಗ ನಿಜವಾಗ್ಲೂ ಹಾಗನ್ನಿಸಿತ್ತು. ಆಮೇಲೆ ಅನುಮಾನ ಬಂತು. ಅಷ್ಟೊತ್ತಿಗೆ ಆಡಿಬಿಟ್ಟಿದ್ದೆ."

ಸೊಸೆಗೆ ಕೆಟ್ಟ ಸಿಟ್ಟು ಬಂತು. ಒಂದು ವರ್ಷ ಬಸ್ಸಿನಲ್ಲಿ ಹೊತ್ತ ಗಂಟುಗಳೆಲ್ಲ ಒಟ್ಟಿಗೇ ಹೆಗಲ ಮೇಲೆ ಬಂದು ಬಿದ್ದಂತಾಯಿತು. "ಇವತ್ತೇ ನಿಮ್ಮ ಮಗನಿಗೆ ಹೇಳ್ತೀನಿ."

"ಹೇಳು. ನಿನ್ನ ಹಕ್ಕು" ಎಂದರು ಮಾವ. ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತರು. "ಹೇಳಿದ ತಕ್ಷಣ ಲಿಥಿಯಂ ಬರುತ್ತೆ, ನನ್ನ ಕುರ್ಚಿ ಜಗಲಿಗೆ ಹೋಗುತ್ತೆ. ಅಂಕಿ ಬರೆಯೋದೊಂದು ಉಳಿದಿತ್ತು. ಅದೂ ಇಲ್ಲ ಅಂದ್ರೆ, ಬೆಳಗ್ಗೆ ಎದ್ದು ನಾನೇನು ಮಾಡ್ಲಿ, ನೀನೇ ಹೇಳು."

ಅವಳು ಹೇಳಲಿಲ್ಲ, ಅವರಿಗೂ, ಗಂಡನಿಗೂ. ಮಾರನೆಯ ಬೆಳಗ್ಗೆ ಮಾತ್ರ ಬಟ್ಟೆ ಒಗೆಯುವ ನೆಪದಲ್ಲಿ ಶೆಡ್ಡಿಗೆ ಹೋಗಿ ಗಾಜಿನ ಕೊಳವೆಗೆ ಕೈ ಚಾಚಿದಳು. "ಇಲ್ಲಿ ಕೊಡಿ. ನಾನು ನೋಡಿ ಹೇಳ್ತೀನಿ, ನೀವು ಬರೀರಿ. ಆದ್ರೆ ನಿಜ ಬರೀಬೇಕು."

ಮಾವ ಬುರುಡೆ ಹಿಂಡುವುದನ್ನು ಕಲಿಸಿದರು, ಕಡ್ಡಿಯ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದುವುದನ್ನು ಕಲಿಸಿದರು. ಕಲಿಸುವಾಗ ಅವರ ದನಿಗೆ ಹಳೆಯ ಮೇಷ್ಟ್ರ ಗತ್ತು ಬಂತು. ಎರಡು ಬ್ಯಾಟರಿಗೆ ಸೇರಿ ಹನ್ನೆರಡು ಬಾಯಿ. ಮೊದಲನೆಯದರಲ್ಲಿ ಸಾವಿರದ ನೂರ ಅರವತ್ತು. ಎರಡನೆಯದರಲ್ಲಿ ನೂರ ನಲವತ್ತು. ಮೂರನೆಯದರಲ್ಲಿ ಕೊಳವೆ ಬರೀ ಗಾಳಿ ಹೀರಿತು.

"ಇದರಲ್ಲಿ ಏನೂ ಇಲ್ಲ ಮಾವ. ಪ್ಲೇಟು ಬೆಳ್ಳಗೆ ಒಣಗಿ ಕೂತಿದೆ. ಪಕ್ಕದ್ದು ತುಂಬಿ ಹೊರಗೆ ಚೆಲ್ಲಿದೆ, ಬ್ಯಾಟರಿ ಕೆಳಗಿನ ತಟ್ಟೆ ತುಂಬಾ ಉಪ್ಪಿನ ಹಾಗೆ ಕಟ್ಟಿದೆ. ನೀರು ಹೇಗೆ ಹಾಕ್ತಿದ್ರಿ?"

ಮಾವ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಲೋಟ ತೋರಿಸಿದರು. "ಹದಿನೈದು ದಿನಕ್ಕೊಂದ್ಸಲ, ಒಂದೊಂದಕ್ಕೂ ಮುಕ್ಕಾಲು ಲೋಟ. ಎಲ್ಲದಕ್ಕೂ ಸಮ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಮ್ಮಿ ಅಂತ ಭೇದ ಮಾಡಿಲ್ಲ."

ಹೇಳಿ ಮುಗಿಸುತ್ತಲೇ ಅವರು ಆ ಲೋಟವನ್ನು ಬೋರಲು ಹಾಕಿದರು. ಒಂದೊಂದು ಬಾಯಿಯ ಬಾಯಾರಿಕೆಯೂ ಬೇರೆ, ಲೋಟ ನೋಡಿ ಸುರಿಯಬೇಡಿ, ಮಟ್ಟ ನೋಡಿ ಸುರಿಯಿರಿ ಎಂದು ಅಂಗಡಿಯ ಹುಡುಗರಿಗೆ ನಲವತ್ತು ವರ್ಷ ಬೈದಿದ್ದರು ಅವರು.

ಆ ದಿನ ಬಾಗಿಲ ಮೇಲೆ 1140 ಎಂದು ಬಿತ್ತು. ಅತ್ತೆ ಸೌಟು ಹಿಡಿದುಕೊಂಡೇ ಹೊರಬಂದರು. "ಇದೇನಿದು? ನಿನ್ನೆ ಇನ್ನೂರಿತ್ತು!"

"ಇರೋದನ್ನ ಬರೆದಿದೀನಿ" ಎಂದರು ಮಾವ.

ಹತ್ತು ದಿನ ನಿಜವೇ ಬಿತ್ತು, ಮನೆಯಲ್ಲಿ ಮುಖಗಳು ದಿನದಿನಕ್ಕೆ ಬಿಗಿದವು. ಮಿಕ್ಸಿ ನಿಂತು ಒರಳು ಹೊರಬಂತು. ಅತ್ತೆಯ ರಟ್ಟೆ ನೋಯತೊಡಗಿತು, ರಟ್ಟೆ ನೊಂದಷ್ಟೂ ನಾಲಿಗೆ ಚುರುಕಾಯಿತು. ಹತ್ತನೆಯ ಸಂಜೆ ಊಟದ ನಡುವೆ ಅವರು ಎದ್ದು ಹೋಗಿ, ಸೊಸೆಯ ಬೀರುವಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ತಂದು ಎಲ್ಲರ ಮುಂದೆ ಇಟ್ಟರು.

"ಇದು ಇನ್ನು ನನ್ನ ಟ್ರಂಕಲ್ಲಿರುತ್ತೆ. ಬೀಗ ಹಾಕಿ ಇಡ್ತೀನಿ. ಆಗ ನೋಡೋಣ ಅಂಕಿ ಏರುತ್ತೋ ಇಲ್ವೋ."

"ಅಮ್ಮ, ಸುಮ್ನಿರು" ಎಂದ ಗಂಡ.

"ನಾನ್ಯಾಕೆ ಸುಮ್ನಿರ್ಲಿ? ಒರಳು ತಿರುವೋಳು ನಾನು. ಹೊಸ ಬ್ಯಾಟರಿ ತಂದು ಇದನ್ನೇ ಮತ್ತೆ ಹಾಕಿದ್ರೆ ಅದೂ ಹೊಗೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ಕೋಬೇಡಿ, ಇವಾಗ್ಲೇ ಹೇಳ್ತಿದೀನಿ."

ಸೊಸೆ ಮಾವನನ್ನು ನೋಡಿದಳು. ಅವರು ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಬೆರಳಲ್ಲಿ ಹುಡುಕುತ್ತ ತಲೆ ತಗ್ಗಿಸಿದ್ದರು. ಒಂದು ಮಾತು ಸಾಕಿತ್ತು. ಅವಳ ನಾಲಿಗೆಯ ತುದಿಯಲ್ಲೇ ಇತ್ತು ಅದು. ಆಡಿದ್ದರೆ ವರ್ಷದ ಗೂಬೆ ಹಾರಿಹೋಗುತ್ತಿತ್ತು, ಬಯಸಿದ ಬ್ಯಾಟರಿಯೂ ಬರುತ್ತಿತ್ತು.

"ಇಟ್ಕೊಳ್ಳಿ ಅತ್ತೆ" ಎಂದು ಅವಳು ತನ್ನ ತಟ್ಟೆ ಎತ್ತಿಕೊಂಡು ಎದ್ದಳು. ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ಅತ್ತಳು. ಅತ್ತೆಯ ಮಾತಿಗಲ್ಲ, ಮಾವನ ಮೌನಕ್ಕೆ.

ಮರುದಿನ ಬೆಳಗ್ಗೆ ಅವಳು ಶೆಡ್ಡಿಗೆ ಹೋಗಲಿಲ್ಲ. ಬೇಕಾದರೆ ಅಂದಾಜೇ ಬರೆದುಕೊಳ್ಳಲಿ ಎಂದು ಚಹಾಕ್ಕೆ ನೀರಿಟ್ಟಳು. ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಸೀಮೆಸುಣ್ಣ ಕಿರುಗುಟ್ಟುವ ಸದ್ದು ಕೇಳಿತು. ನಾಲ್ಕು ಅಂಕಿಗೆ ಬೇಕಾದದ್ದಕ್ಕಿಂತ ಬಹಳ ಹೊತ್ತು ಕೇಳಿತು. ಆಮೇಲೆ ಅತ್ತೆ ಬಂದರು, ಗಂಡ ಹಲ್ಲುಜ್ಜುತ್ತ ಬಂದ, ಮಗಳು ಜಡೆ ಹಾಕಿಕೊಳ್ಳುತ್ತ ಬಂದಳು. ಎಲ್ಲರೂ ಬಾಗಿಲ ಮುಂದೆಯೇ ನಿಂತದ್ದು ನೋಡಿ ಸೊಸೆ ಒಲೆ ಬಿಟ್ಟು ಹೊರಬಂದಳು.

ಅಂಕಿ ಇರಲಿಲ್ಲ. ಬಾಗಿಲಗಲ ದೊಡ್ಡ ಅಕ್ಷರ, ಒಂದರ ಮೇಲೊಂದು ಹತ್ತಿ, ಕೊನೆಯ ಪದ ಬಾಗಿಲು ದಾಟಿ ಗೋಡೆಗೆ ಹೋಗಿತ್ತು. ವಕೀಲಮ್ಮ ಅಕ್ಷರ ಬಿಡಿಸಿ ಬಿಡಿಸಿ ಓದಿದಳು:

"ಬ್ಯಾಟರಿ ಕೆಟ್ಟದ್ದು ಇಸ್ತ್ರಿಯಿಂದ ಅಲ್ಲ. ನನಗೆ ಕಣ್ಣು ಕಾಣಲ್ಲ."

ಮಾವ ಸೀಮೆಸುಣ್ಣ ಕೈಯಲ್ಲೇ ಹಿಡಿದು ಗೋಡೆಗೊರಗಿ ನಿಂತಿದ್ದರು. "ರಾತ್ರಿ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಬರೆಯೋದಾದ್ರೆ ದಿನಾ ಅಭ್ಯಾಸ ಇದೆಯಲ್ಲ."

ಗಂಡ ಬಾಯಿಯ ನೊರೆ ನುಂಗಿಕೊಂಡ. "ಅಪ್ಪಾ, ಯಾವಾಗಿಂದ?"

"ಅವಳಿಗೆ ಎಲ್ಲ ಗೊತ್ತು, ಕೇಳ್ಕೋ. ಹತ್ತು ದಿನದಿಂದ ನೋಡ್ತಿರೋಳು ಅವಳು, ಬರೀತಿರೋನು ನಾನು."

ಅತ್ತೆ ಒಮ್ಮೆ ಬಾಗಿಲನ್ನು, ಒಮ್ಮೆ ಮಾವನನ್ನು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅವರಿಗೆ ಎಸೆಯಲು ಕಲ್ಲು ಸಿಗಲಿಲ್ಲ. "ನಲವತ್ತೈದು ವರ್ಷ ಒಟ್ಟಿಗೆ ಉಂಡಿದೀವಿ. ನನಗೂ ಹೇಳ್ಬಾರದಾಗಿತ್ತಾ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಚಹಾ ಆರಿತು. ಎಲ್ಲರೂ ಆರಿದ ಚಹಾವನ್ನೇ ಕುಡಿದರು.

"ಹಾಗಾದ್ರೆ ಯಾವ ಬ್ಯಾಟರಿ ತರೋದು?" ಎಂದು ಕೊನೆಗೆ ಗಂಡ ಅಪ್ಪನ ಕಡೆ ತಿರುಗಿದ.

"ನನ್ನ ಕೇಳ್ಬೇಡ. ಅವಳನ್ನ ಕೇಳು."

ಆ ಮನೆಯಲ್ಲಿ ಬ್ಯಾಟರಿಯ ವಿಷಯದಲ್ಲಿ ಅವಳನ್ನು ಕೇಳಿದ್ದು ಅದೇ ಮೊದಲು. ಸೊಸೆ ಲೋಟ ಕೆಳಗಿಟ್ಟಳು. ಅವಳು ಇದನ್ನೆಲ್ಲ ಬಸ್ಸಿನಲ್ಲಿ ಕೂತು ಎಷ್ಟೋ ಸಲ ಯೋಚಿಸಿಟ್ಟಿದ್ದಳು.

"ಲಿಥಿಯಂ. ಆದ್ರೆ ವಕೀಲಮ್ಮ ಹೇಳಿದಷ್ಟು ದೊಡ್ಡದು ಬೇಡ, ಅದರ ಅರ್ಧ ಸಾಕು. ಇಸ್ತ್ರಿ, ಮಿಕ್ಸಿ, ಪಂಪು ಎಲ್ಲ ಮಧ್ಯಾಹ್ನ ನೆತ್ತಿ ಬಿಸಿಲಲ್ಲಿ ಮಾಡಿದ್ರೆ ಪ್ಯಾನೆಲ್ಲಿಂದ ನೇರ ಹೋಗುತ್ತೆ, ಬ್ಯಾಟರಿಗೆ ಭಾರ ಬೀಳಲ್ಲ. ರಾತ್ರಿಗೆ ದೀಪ, ಫ್ಯಾನು ಅಷ್ಟೇ ತಾನೆ? ಉಳಿದ ದುಡ್ಡಲ್ಲಿ ಮಾವನ ಕಣ್ಣಿನ ಪೊರೆ ತೆಗೆಸೋಣ."

"ಅರ್ಧ ಸಾಕು" ಎಂದು ಮಾವ ತಲೆಯಾಡಿಸಿದರು. "ನನಗೂ ಅದೇ ಲೆಕ್ಕ ಬರ್ತಿತ್ತು. ಅಂದಾಜು ಅಲ್ಲ, ಲೆಕ್ಕ."

"ಮತ್ತೆ ಬಾಗಿಲ ಮೇಲೆ ಅಂಕಿ?" ಎಂದಳು ಮಗಳು.

"ಲಿಥಿಯಂ ಪೆಟ್ಟಿಗೆ ಮೇಲೆ ಪುಟ್ಟ ಪರದೆ ಇದೆ, ನೂರಕ್ಕೆ ಎಷ್ಟು ಉಳಿದಿದೆ ಅಂತ ತೋರಿಸುತ್ತೆ. ಕಣ್ಣು ಬಂದ ಮೇಲೆ ಮಾವ ಓದಿ ಬರೀಲಿ. ಅಲ್ಲೀವರೆಗೆ ನಾನು ಓದ್ತೀನಿ, ಅವರು ಬರೀತಾರೆ."

ಎರಡು ವಾರದ ಮೇಲೆ ಬಿಳಿ ಪೆಟ್ಟಿಗೆ ಬಂದು ಶೆಡ್ಡಿನ ಗೋಡೆ ಏರಿತು. ಚಾರ್ಜರಿನಲ್ಲಿ ಲೆಡ್ ಎಂದಿದ್ದುದನ್ನು ಲಿಥಿಯಂ ಎಂದು ಬದಲಾಯಿಸುವುದನ್ನು ಮರೆಯಬಾರದೆಂದು ಮಾವ ಪಕ್ಕದಲ್ಲೇ ನಿಂತು ಮೂರು ಸಲ ಹೇಳಿದರು. ಹಳೆಯ ಎರಡನ್ನು ಗುಜರಿಯವನು ಒಯ್ಯುವಾಗ ಅವುಗಳ ಮೈ ತಟ್ಟಿ, "ತಪ್ಪಾಯ್ತು ಕಣ್ರಪ್ಪ" ಎಂದರು. ಗುಜರಿಯವನು ತನಗೆ ಹೇಳಿದರೆಂದುಕೊಂಡು, "ಪರವಾಗಿಲ್ಲ ಬಿಡಿ" ಎಂದ.

ಗುರುವಾರ ಮೂರು ಗಂಟೆಗೆ ಕಣ್ಣಿನ ಆಸ್ಪತ್ರೆ. ಬೆಳಗ್ಗೆ ಬಾಗಿಲ ಮೇಲೆ 81 ಎಂದು ಬಿದ್ದಿತ್ತು. ಮಧ್ಯಾಹ್ನ ಸೊಸೆ ಸಮವಸ್ತ್ರಗಳಿಗೆ ಗುಂಡಿ ಹಾಕುತ್ತ ಕೂತಿದ್ದಾಗ ಬಾಗಿಲಲ್ಲಿ ಅತ್ತೆ ಬಂದು ನಿಂತರು. ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ತಂತಿ ನೀಟಾಗಿ ಸುತ್ತಿತ್ತು. ಇನ್ನೊಂದು ಕೈಯಲ್ಲಿ ಮಾವನ ಬಿಳಿ ಅಂಗಿ.

"ಆಸ್ಪತ್ರೆಗೆ ಹಾಕ್ಕೊಂಡು ಹೋಗೋಕೆ. ಸ್ವಲ್ಪ ಇಸ್ತ್ರಿ ಮಾಡ್ಕೊಡ್ತೀಯಾ?" ಎಂದರು ಅತ್ತೆ, ಗೋಡೆಯ ಕಡೆ ನೋಡುತ್ತ.

ಸೊಸೆ ಪ್ಲಗ್ಗು ಸಿಕ್ಕಿಸಿದಳು. ಮೇಜಿನ ಮೇಲೆ ಅಂಗಿ ಹರವಿ, ಆ್ಯಸಿಡ್ಡಿನ ತೂತುಗಳು ಹಿಗ್ಗದಂತೆ ಒಂದೊಂದರ ಸುತ್ತಲೂ ಮೆಲ್ಲನೆ ಇಸ್ತ್ರಿ ನಡೆಸಿದಳು. ಕಾಲರು, ತೋಳು, ಬೆನ್ನು. ಅತ್ತೆ ಹೋಗಲಿಲ್ಲ. ಬಿಸಿ ಬಟ್ಟೆಯ ವಾಸನೆ ಕೋಣೆ ತುಂಬಿತು.

"ಜಾಸ್ತಿ ಹೊತ್ತಾಯ್ತೇನೋ. ಹೋಗಿ ಪರದೆ ನೋಡ್ಕೊಂಡು ಬರ್ಲಾ?" ಎಂದರು ಅತ್ತೆ ಮೆಲ್ಲಗೆ.

"ಬೇಡ ಅತ್ತೆ. ಬಿಸಿಲಿದೆ."

ಅಂಗಿ ಮಡಿಸಿ ಕೊಟ್ಟಳು. ಅತ್ತೆ ಅದನ್ನು ಎದೆಗೊತ್ತಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿದರು.

"ನಂದೂ ಒಂದೆರಡಿವೆ. ತರ್ಲಾ?"

"ಎಲ್ಲಾ ತನ್ನಿ" ಎಂದಳು ಸೊಸೆ.